ಐದು ತಾಲ್ಲೂಕುಗಳಲ್ಲಿ ಹರಡಿದ ಸಾಹಿತ್ಯ ಸಂಗ್ರಹಾಲಯ: ನೋಡಿ ಬರುವವರಿಗೆ ಹದಿಮೂರು ಸೂತ್ರಗಳು

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಹಳೆಯ ಸಾಹಿತ್ಯದ ಸಂಗ್ರಹಾಲಯ ಎಲ್ಲಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸುವವರು ಸಿಗುವುದಿಲ್ಲ. ಟಿಕೆಟು ಹರಿದು ಒಳಗೆ ಬಿಡುವ ಒಂದೇ ಕಟ್ಟಡದಲ್ಲಿ ಅದು ಇಲ್ಲ. ಆದರೆ ಸಂಗ್ರಹ ಇದೆ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ, ರಾಯಬಾಗದ ಕಲ್ಲುಗಳಲ್ಲಿ, ಅಥಣಿಯ ಮಠದಲ್ಲಿ, ನಿಪ್ಪಾಣಿ ಸುತ್ತಿನ ಊರುಗಳಲ್ಲಿ, ಕೃಷ್ಣಾ ಮತ್ತು ದೂಧಗಂಗಾ ದಂಡೆಯ ಹಳೆಯ ಮನೆಗಳ ಅಟ್ಟದಲ್ಲಿ ಅದು ಹರಡಿಕೊಂಡಿದೆ.

ದೂರದ ಐಸ್‌ಲ್ಯಾಂಡಿನಲ್ಲಿ ರೇಕ್‌ಹೋಲ್ಟ್ ಎಂಬ ಸಣ್ಣ ಊರಿದೆ. 1179ರಿಂದ 1241ರವರೆಗೆ ಬಾಳಿದ ಸ್ನೋರಿ ಸ್ಟುರ್ಲುಸನ್ ಎಂಬ ಕವಿ ಅಲ್ಲಿದ್ದ. ತನ್ನ ನಾಡಿನ ಕಾವ್ಯ ಕಟ್ಟುವ ವಿದ್ಯೆಯನ್ನೂ ಹಳೆಯ ದೇವತೆಗಳ ಕಥೆಗಳನ್ನೂ ಅವನು ಒಂದು ಗ್ರಂಥದಲ್ಲಿ ಬರೆದಿಟ್ಟ. ಇಂದು ಅಲ್ಲಿ ಅವನ ಹೆಸರಿನ ಸಂಗ್ರಹಾಲಯವಿದೆ. ಅವನು ಮೀಯುತ್ತಿದ್ದ ಬಿಸಿನೀರಿನ ಕೊಳವನ್ನು ನೋಡಲು ಜನ ದೇಶ ದೇಶಗಳಿಂದ ಬರುತ್ತಾರೆ. ಅದೇ ಕಾಲಕ್ಕೆ ನಮ್ಮ ಈ ಸೀಮೆ ರಟ್ಟ ಅರಸರ ಕೂಂಡಿ ಮೂರು ಸಾವಿರ ನಾಡಿನಲ್ಲಿತ್ತು. ರಟ್ಟರ ಆಸ್ಥಾನದಲ್ಲಿ ಪಾರ್ಶ್ವಪಂಡಿತ ಪಾರ್ಶ್ವನಾಥಪುರಾಣ ಬರೆದ. ಅದಕ್ಕೆ ಎರಡು ತಲೆಮಾರು ಹಿಂದೆ, ಪಕ್ಕದ ಕೊಲ್ಲಾಪುರದ ಶಿಲಾಹಾರರ ಆಶ್ರಯದಲ್ಲಿ ಕರ್ಣಪಾರ್ಯ ನೇಮಿನಾಥಪುರಾಣ ಬರೆದಿದ್ದ. ಎರಡೂ ಕನ್ನಡ ಚಂಪೂಗಳೇ.

ಐಸ್‌ಲ್ಯಾಂಡಿನವರು ತಮ್ಮ ಕವಿಗೊಂದು ಮನೆ ಕಟ್ಟಿದರು. ನಾವಿನ್ನೂ ಕಟ್ಟಿಲ್ಲ. ಹಾಗಾಗಿ ಇಲ್ಲಿ ನೋಡಲು ಹೋಗುವವರೇ ಸಂಗ್ರಹಾಲಯದ ಅರ್ಧ ಕೆಲಸ ಮಾಡಬೇಕಾಗುತ್ತದೆ. ಓದಿಕೊಂಡು ಹೋಗಬೇಕು, ಅಪ್ಪಣೆ ಕೇಳಿ ಒಳಗೆ ಕಾಲಿಡಬೇಕು, ಕಂಡದ್ದನ್ನು ಬರೆದಿಡಬೇಕು. ಈ ಮೂರು ಮಾಡಿದರೆ ಪ್ರವಾಸ ಫಲಿಸುತ್ತದೆ.

1. ಸದಲಗಾದಿಂದ ಹೊರಡಿ

ದೂಧಗಂಗೆಯ ದಂಡೆಯ ಸದಲಗಾ ಚಿಕ್ಕೋಡಿ ತಾಲ್ಲೂಕಿನ ಊರು. 1906ರ ಫೆಬ್ರುವರಿ 6ರಂದು ಆದಿನಾಥ ನೇಮಿನಾಥ ಉಪಾಧ್ಯೆ ಹುಟ್ಟಿದ್ದು ಇಲ್ಲಿ. ಬಸದಿಗಳಲ್ಲಿ ಪೂಜೆ ಮಾಡುವ ಮನೆತನಗಳಿಗೆ ಈ ಭಾಗದಲ್ಲಿ ಉಪಾಧ್ಯೆ ಎಂದೇ ಅಡ್ಡಹೆಸರು. ಆ.ನೇ. ಉಪಾಧ್ಯೆಯವರು 1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಪಾಠ ಮುಗಿದ ಮೇಲಿನ ಹೊತ್ತೆಲ್ಲ ಹಸ್ತಪ್ರತಿಗಳಿಗೆ ಹೋಯಿತು.

ಅವರ ಒಂದು ಕೆಲಸವನ್ನು ತಿಳಿದುಕೊಂಡರೆ ಸಾಕು, ಈ ಪ್ರವಾಸವನ್ನು ಹೇಗೆ ಮಾಡಬೇಕೆಂದು ಗೊತ್ತಾಗುತ್ತದೆ. ಜಟಾಸಿಂಹನಂದಿ ಎಂಬ ಹಳೆಯ ಕವಿಯನ್ನು ಕನ್ನಡದ ಪ್ರಾಚೀನ ಕವಿಗಳು ಗೌರವದಿಂದ ನೆನೆದಿದ್ದರು. ಅವನ ಸಂಸ್ಕೃತ ಕಾವ್ಯ ವರಾಂಗಚರಿತ ಮಾತ್ರ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಕೊಲ್ಲಾಪುರದ ಲಕ್ಷ್ಮೀಸೇನ ಮಠದ ಓಲೆಗರಿಗಳಲ್ಲಿ ಉಪಾಧ್ಯೆಯವರು ಅದನ್ನು ಗುರುತಿಸಿದರು. ಪ್ರತಿಗಳನ್ನು ಹೋಲಿಸಿ, ಪಾಠ ತಿದ್ದಿ, 1938ರಲ್ಲಿ ಅಚ್ಚು ಹಾಕಿಸಿದರು. ಓಲೆ ಮಠದಲ್ಲೇ ಇತ್ತು. ಅದರಲ್ಲಿ ಏನಿದೆ ಎಂದು ಓದಿ ಹೇಳುವ ಒಬ್ಬ ಬೇಕಾಗಿತ್ತು.

1935ರಲ್ಲಿ ಪ್ರವಚನಸಾರ, 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶ, ಮುಂದೆ ಉದ್ಯೋತನಸೂರಿಯ ಕುವಲಯಮಾಲಾ, ಹೀಗೆ ಅವರ ಸಂಪಾದನೆಯ ಸಾಲು ಉದ್ದವಿದೆ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1975ರಲ್ಲಿ ತೀರಿಕೊಂಡರು. ಇದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಇನ್ನೊಬ್ಬರು ಆಚಾರ್ಯ ವಿದ್ಯಾಸಾಗರರು. ಹಿಂದಿಯಲ್ಲಿ ‘ಮೂಕಮಾಟಿ’ ಮಹಾಕಾವ್ಯ ಬರೆದವರು. ಒಂದು ಸಣ್ಣ ಪಟ್ಟಣ ಒಂದೇ ಶತಮಾನದಲ್ಲಿ ಒಬ್ಬ ಮಹಾ ಸಂಪಾದಕನನ್ನೂ ಒಬ್ಬ ಮಹಾಕವಿಯನ್ನೂ ಕೊಟ್ಟಿತು. ಊರಿನ ಓಣಿಗಳಲ್ಲಿ ನಡೆಯುವಾಗ ಇದು ನೆನಪಿನಲ್ಲಿರಲಿ.

2. ಕೈಯಲ್ಲಿ ಒಂದು ಸಾಹಿತ್ಯ ಚರಿತ್ರೆ ಇರಲಿ

ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಒಳ್ಳೆಯ ಜೊತೆಗಾರ. ಕಾಗವಾಡದಿಂದ ಹೆಚ್ಚು ದೂರವಿಲ್ಲದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಕಲಿಸಿದವರು ಮುಗಳಿ. ಈ ಗ್ರಂಥಕ್ಕೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಡೀ ಪುಸ್ತಕ ಓದಲು ಬಿಡುವಿಲ್ಲದಿದ್ದರೆ ಹತ್ತರಿಂದ ಹದಿಮೂರನೇ ಶತಮಾನದವರೆಗಿನ ಭಾಗ ಓದಿ. ಜೊತೆಗೆ ವಡ್ಡಾರಾಧನೆಯ ಒಂದೆರಡು ಕಥೆಗಳನ್ನು ಹೊಸಗನ್ನಡದಲ್ಲಾದರೂ ಓದಿಕೊಳ್ಳಿ. ಏಕೆಂಬುದು ಕಾಗವಾಡಕ್ಕೆ ಬಂದಾಗ ತಿಳಿಯುತ್ತದೆ.

3. ಮಳೆಗಾಲ ಬಿಟ್ಟು ಹೋಗಿ

ಜುಲೈ, ಆಗಸ್ಟ್ ತಿಂಗಳಲ್ಲಿ ಕೊಂಕಣದ ಕಡೆ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬುತ್ತವೆ. ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಂಥ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋಗುತ್ತವೆ. ಆಗ ಕಣ್ಣೆದುರಿನ ಊರಿಗೂ ಸುತ್ತು ಹಾಕಿ ಹೋಗಬೇಕು.

ದಸರೆ ಕಳೆದ ಮೇಲೆ ಹೋಗಿ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬಿರುತ್ತವೆ; ಪ್ರಯಾಣಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ರೈಲಿನಲ್ಲಿ ಬರುವವರಿಗೆ ಬೆಳಗಾವಿ–ಮೀರಜ್ ಮಾರ್ಗ ಅನುಕೂಲ. ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ ಒಂದರ ಹಿಂದೊಂದು ಬರುತ್ತವೆ. ಶೇಡಬಾಳದಲ್ಲಿ ಇಳಿದರೆ ಕಾಗವಾಡ ಸಮೀಪ.

4. ಶಕವರ್ಷಕ್ಕೆ 78 ಕೂಡಿಸಿ

ಶಾಸನದಲ್ಲಿ ಸಾಮಾನ್ಯವಾಗಿ ಇರುವುದು ಶಕವರ್ಷ. ಅದಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ. ಒಂದು ವರ್ಷದ ವ್ಯತ್ಯಾಸ ಬರಬಹುದು. ಶಕ 1316 ಎಂದರೆ 1394. ಈ ಒಂದು ಲೆಕ್ಕ ಗೊತ್ತಿದ್ದ ಮಗು ಕೂಡ ಕಲ್ಲಿನ ಮುಂದೆ ನಿಂತು, ಇದು ಇಷ್ಟು ವರ್ಷ ಹಳೆಯದು ಎಂದು ತಾನೇ ಹೇಳಬಲ್ಲದು.

5. ಲಿಪಿಗೆ ಅಂಜಬೇಡಿ

ಹನ್ನೆರಡು, ಹದಿಮೂರನೇ ಶತಮಾನದ ಕನ್ನಡ ಲಿಪಿ ನಮ್ಮ ಲಿಪಿಗೆ ಬಲು ಹತ್ತಿರ. ಅಕ್ಷರಗಳು ದುಂಡಗೆ, ಒತ್ತಾಗಿ ಇರುತ್ತವೆ. ಓದಲು ತೊಡಕಾಗುವುದು ಕೆಲವು ಕಾರಣಗಳಿಗೆ ಮಾತ್ರ. ಪದದಿಂದ ಪದಕ್ಕೆ ಜಾಗ ಬಿಟ್ಟಿರುವುದಿಲ್ಲ. ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ಈಗ ಬಿಟ್ಟುಹೋಗಿರುವ ಱ, ೞ ಅಲ್ಲಲ್ಲಿ ಎದುರಾಗುತ್ತವೆ. ಇವಿಷ್ಟು ತಿಳಿದಿದ್ದರೆ, ಅಂಕಿಗಳಿಂದ ಶುರು ಮಾಡಿ. ಕನ್ನಡ ಅಂಕಿಗಳು ಬೇಗ ಕಣ್ಣಿಗೆ ಬೀಳುತ್ತವೆ. ಆಮೇಲೆ ‘ಶ್ರೀ’, ‘ಸ್ವಸ್ತಿ’, ‘ಸಕವರ್ಷ’ ಹುಡುಕಿ. ಮೂರು ಪದ ಹಿಡಿದವರು ನಾಲ್ಕನೆಯದನ್ನು ಬಿಡುವುದಿಲ್ಲ.

ಕಲ್ಲಿನ ತಲೆಯ ಮೇಲಿನ ಚಿತ್ರವನ್ನೂ ಓದಬೇಕು. ಸೂರ್ಯ ಚಂದ್ರರಿದ್ದರೆ ದಾನ ಅವರಿರುವವರೆಗೆ ನಡೆಯಲಿ ಎಂಬ ಆಶಯ. ನಡುವೆ ಲಿಂಗವಿದ್ದರೆ ಶಿವಾಲಯದ ದತ್ತಿ, ಪದ್ಮಾಸನದ ಜಿನನಿದ್ದರೆ ಬಸದಿಯದು. ಆಕಳು, ಕರು, ಖಡ್ಗ ಸಾಮಾನ್ಯ. ಅಂತಸ್ತುಗಳಲ್ಲಿ ಕಾಳಗದ ಚಿತ್ರ, ಮೇಲೆ ದೇವಕನ್ಯೆಯರು ಹೊತ್ತೊಯ್ಯುವ ವೀರ ಇದ್ದರೆ ಅದು ವೀರಗಲ್ಲು. ಊರಿನ ಅಗಸಿಯ ಹತ್ತಿರ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಇಂಥವು ಒರಗಿ ನಿಂತಿರುವುದನ್ನು ಈ ಸೀಮೆಯಲ್ಲಿ ಯಾರಾದರೂ ನೋಡಬಹುದು.

6. ಕಾಗವಾಡದ ನೆಲಮಾಳಿಗೆಗೆ ಒಂದು ಪೂರ್ತಿ ಬೆಳಗನ್ನು ಕೊಡಿ

ಇಡೀ ಪ್ರವಾಸದಲ್ಲಿ ಒಂದೇ ಸ್ಥಳ ನೋಡಲು ಸಾಧ್ಯವಿದೆ ಎಂದಾದರೆ ನಾನು ಕಾಗವಾಡವನ್ನೇ ಹೇಳುತ್ತೇನೆ. ಇಲ್ಲಿನ ಬಸದಿಯ ನೆಲಮಾಳಿಗೆಯಲ್ಲಿ, ಊರವರು ಭುಯಾರ ಎನ್ನುವ ಭಾಗದಲ್ಲಿ, ಶಕ 1316ರ, ಅಂದರೆ 1394ರ ಶಾಸನವಿದೆ. ಅದರಲ್ಲಿ ಯಾಪನೀಯ ಸಂಘದ ಗುರುಗಳ ಹೆಸರುಗಳಿವೆ: ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ. ಯಾಪನೀಯರ ಬಗ್ಗೆ ಉಪಾಧ್ಯೆಯವರು ಬರೆದ ಪ್ರಬಂಧಗಳಲ್ಲಿ ಈ ಶಾಸನಕ್ಕೆ ಮುಖ್ಯ ಸ್ಥಾನವಿದೆ.

ಯಾಪನೀಯರು ಯಾರು? ಜೈನರಲ್ಲಿ ದಿಗಂಬರ, ಶ್ವೇತಾಂಬರ ಎಂಬ ಎರಡು ಪಂಥಗಳನ್ನು ನಾವು ಬಲ್ಲೆವು. ಮೂರನೆಯದೊಂದಿತ್ತು, ಅದೇ ಇದು. ಇವರ ಮುನಿಗಳು ದಿಗಂಬರರಂತೆ ಬಟ್ಟೆ ಬಿಟ್ಟಿರುತ್ತಿದ್ದರು, ಹೆಣ್ಣಿಗೂ ಅದೇ ಜನ್ಮದಲ್ಲಿ ಮೋಕ್ಷ ಸಾಧ್ಯ ಎಂಬ ಮಾತಿನಲ್ಲಿ ಶ್ವೇತಾಂಬರರ ಜೊತೆಗಿದ್ದರು. ಬೆಳಗಾವಿ, ಧಾರವಾಡ, ಕಲಬುರಗಿಯ ಭಾಗಗಳು ಇವರ ಬಲವಾದ ನೆಲೆಗಳು. ರಾಷ್ಟ್ರಕೂಟ ಅಮೋಘವರ್ಷನ ಹೆಸರಿನಲ್ಲಿ ಅಮೋಘವೃತ್ತಿ ಎಂಬ ವ್ಯಾಕರಣ ಟೀಕೆ ಬರೆದ ಶಾಕಟಾಯನ ಈ ಸಂಘದವನು. ಶಿವಾರ್ಯನ ಭಗವತೀ ಆರಾಧನೆಯೂ ಯಾಪನೀಯರದೆಂದು ವಿದ್ವಾಂಸರು ಹೇಳುತ್ತಾರೆ; ಆ ಗ್ರಂಥದ ಗಾಹೆ ಎಂಬ ಪ್ರಾಕೃತ ಪದ್ಯಗಳನ್ನು ಹಿಡಿದು ಬೆಳೆದ ಕಥೆಗಳೇ ನಮ್ಮ ವಡ್ಡಾರಾಧನೆ. ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ಈ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿದ್ದಾರೆ.

ಹದಿನಾಲ್ಕನೇ ಶತಮಾನದ ಕೊನೆಗೆ ಈ ಸಂಘದ ಹೆಸರು ಶಾಸನಗಳಿಂದ ಮರೆಯಾಗುತ್ತದೆ. ಕಾಗವಾಡದ್ದು ಅದರ ಕಟ್ಟಕಡೆಯ ಸಾಕ್ಷ್ಯಗಳಲ್ಲಿ ಒಂದು. ವಡ್ಡಾರಾಧನೆಯ ಕಥೆ ಓದಿಕೊಂಡು ಈ ಮಾಳಿಗೆಗೆ ಇಳಿದವರಿಗೆ ಆ ಕಲ್ಲು ಹೇಳುವುದೇ ಬೇರೆ. ಓದದೆ ಇಳಿದವರಿಗೆ ಅದು ಕತ್ತಲಲ್ಲಿ ಇರುವ ಒಂದು ಹಳೆಯ ಕಲ್ಲು, ಅಷ್ಟೇ.

7. ಅತಿಥಿಯಾಗಿ ಹೋಗಿ

ಬಸದಿ, ಗುಡಿ, ಮಠ ಯಾವುದೂ ಪ್ರದರ್ಶನಕ್ಕಾಗಿ ಇಟ್ಟ ಜಾಗವಲ್ಲ; ಅಲ್ಲಿ ದಿನವೂ ಪೂಜೆ ನಡೆಯುತ್ತದೆ. ಸ್ನಾನ ಮಾಡಿ ಹೋಗಿ. ತೊಗಲಿನ ಬೆಲ್ಟು, ಪಾಕೀಟು ಹೊರಗೆ ಬಿಡಿ. ಮೊದಲು ಪಂಡಿತರನ್ನು ಅಥವಾ ಹಿರಿಯರನ್ನು ಕಂಡು ನಮಸ್ಕಾರ ಹೇಳಿ.

“ಯಾವೂರಿನವರ್ರೀ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರು, ಉದ್ಯೋಗ, ಬಂದ ಕಾರಣ ಮೂರನ್ನೂ ಬಿಚ್ಚಿ ಹೇಳಿ. “ಶಾಸನ ನೋಡಬೇಕಾಗಿತ್ರೀ, ನಿಮ್ಮ ಪೂಜಾ ಮುಗಿದ ಮ್ಯಾಲೆ ತೋರಿಸಿದ್ರ ಉಪಕಾರ ಆಗ್ತದ” ಎಂದರೆ ಬಾಗಿಲು ತೆರೆಯದ ಊರು ಈ ಭಾಗದಲ್ಲಿ ಕಡಿಮೆ. ಮಠಕ್ಕೆ ಹೋದರೆ ಸ್ವಾಮಿಗಳನ್ನು ಅಜ್ಜಾರು, ಅಪ್ಪಾರು ಎಂದೇ ಮಾತನಾಡಿಸುವುದು ವಾಡಿಕೆ. ಚಹಾ ಕೊಟ್ಟರೆ ಬೇಡ ಎನ್ನಬೇಡಿ. ಆ ಚಹಾದ ಹೊತ್ತಿನಲ್ಲೇ, “ನಮ್ಮ ಹೊಲದಾಗೂ ಒಂದು ಅಕ್ಷರದ ಕಲ್ಲು ಐತ್ರೀ” ಎಂಬ ಮಾತು ಹೊರಡುವುದು. ಫೋಟೊ ತೆಗೆಯುವ ಮುನ್ನ ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಮೂರ್ತಿಯನ್ನಂತೂ ಮುಟ್ಟಲೇಬೇಡಿ.

8. ಕಲ್ಲಿಗೆ ಬೆಳಕನ್ನು ಪಕ್ಕದಿಂದ ಕೊಡಿ

ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದರೆ ಪ್ರತಿ ಗೀರಿಗೂ ನೆರಳು ಬಿದ್ದು ಸಾಲು ಎದ್ದು ಬರುತ್ತದೆ. ಬಯಲಿನ ಕಲ್ಲುಗಳಿಗೆ ಬೆಳಗಿನ ಇಲ್ಲವೆ ಇಳಿಹೊತ್ತಿನ ಬಿಸಿಲು ಇದೇ ಕೆಲಸ ಮಾಡುತ್ತದೆ. ಸುಣ್ಣ, ಎಣ್ಣೆ, ಕುಂಕುಮ, ಸೀಮೆಸುಣ್ಣ ಯಾವುದನ್ನೂ ಬಳಿಯಬಾರದು. ಪಾಚಿ ತೆಗೆಯಲೆಂದು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಎಂಟು ನೂರು ವರ್ಷ ಉಳಿದ ಅಕ್ಷರ ಎಂಟು ನಿಮಿಷದಲ್ಲಿ ಹೋಗುತ್ತದೆ. ಕಾಗದ ಒತ್ತಿ ಪಡಿಯಚ್ಚು ತೆಗೆಯುವುದು ತರಬೇತಾದವರ ಕೆಲಸ. ಅದಕ್ಕೆ ಅನುಮತಿಯೂ ಬೇಕು.

9. ಓಲೆಯ ಕಟ್ಟಿನಲ್ಲಿ ಮೊದಲು ಕೊನೆಯ ಗರಿ ನೋಡಿ

ಯಾರಾದರೂ ಗಂಟು ಬಿಚ್ಚಿ ಓಲೆಗರಿ ತೋರಿಸಿದರೆ ಅದು ದೊಡ್ಡ ವಿಶ್ವಾಸ. ಕೈ ತೊಳೆದು, ಒರೆಸಿಕೊಂಡು ಕುಳಿತುಕೊಳ್ಳಿ. ಗರಿಯನ್ನು ಬಾಗಿಸಬೇಡಿ, ದಾರ ಎಳೆಯಬೇಡಿ, ಅವರೇ ಒಂದೊಂದಾಗಿ ತಿರುವಲಿ.

ತಾಳೆಯ ಗರಿಯನ್ನು ಹದ ಮಾಡಿ, ಕಂಟ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಒರೆಸುತ್ತಿದ್ದರು. ಮಸಿ ಗೀರಿನಲ್ಲಿ ಮಾತ್ರ ನಿಲ್ಲುತ್ತದೆ. ಮಸಿ ಹೋದ ಗರಿ ಖಾಲಿಯಾಗಿ ಕಂಡರೂ ಅಕ್ಷರ ಅಲ್ಲೇ ಇರುತ್ತದೆ; ಆದ್ದರಿಂದ ಖಾಲಿ ಗರಿ ಎಂದು ಯಾವುದನ್ನೂ ಬಿಸಾಡಬಾರದು. ಐಸ್‌ಲ್ಯಾಂಡಿನವರು ಇದೇ ಕೆಲಸಕ್ಕೆ ಕರುವಿನ ಚರ್ಮ ಬಳಸುತ್ತಿದ್ದರು. ಒಂದು ದೊಡ್ಡ ಗ್ರಂಥಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಗುತ್ತಿತ್ತು. ಲೆಕ್ಕಪತ್ರಕ್ಕೆ ನಮ್ಮಲ್ಲಿ ಕಡತವೂ ಇತ್ತು: ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಹಚ್ಚಿ, ಕಪ್ಪು ಮಾಡಿ, ಮಡಿಚಿ, ಬಳಪದಲ್ಲಿ ಬರೆಯುವ ಪುಸ್ತಕ. ಹಳೆಯ ಶಾನುಭೋಗರ, ಕುಲಕರ್ಣಿಯವರ ಮನೆಗಳಲ್ಲಿ ಇಂಥದು ಇದೆಯೇ ಎಂದು ಕೇಳಿ ನೋಡಿ.

ಕೊನೆಯ ಗರಿ ಏಕೆ? ಪ್ರತಿ ಮಾಡಿದವನು ತನ್ನ ಹೆಸರು, ಊರು, ಸಂವತ್ಸರ, ಮಾಡಿಸಿದವರ ಹೆಸರು ಬರೆಯುವುದು ಅಲ್ಲೇ. ಗ್ರಂಥದ ಪ್ರತಿ ಮಾಡಿಸಿ ಹಂಚುವುದನ್ನು ಜೈನರು ಶಾಸ್ತ್ರದಾನ ಎನ್ನುತ್ತಾರೆ. ಹತ್ತನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಸಂಗತಿ ನಮಗೆಲ್ಲ ಗೊತ್ತು. ನಿಮ್ಮ ಮುಂದಿರುವ ಕಟ್ಟಿನ ಕೊನೆಯಲ್ಲೂ ಯಾರೂ ಕೇಳಿರದ ಒಬ್ಬ ತಾಯಿಯ ಹೆಸರು ಇರಬಹುದು. ಅದನ್ನು ಓದಿ ಬರೆದುಕೊಳ್ಳಿ. ಆ ಮನೆಯವರಿಗೂ ಓದಿ ಹೇಳಿ.

10. ಹೊಳೆ ದಾಟಲು ಹಿಂಜರಿಯಬೇಡಿ

ರಾಜ್ಯದ ಗಡಿ 1956ರದು. ಪಾರ್ಶ್ವಪಂಡಿತನಿಗೂ ಕರ್ಣಪಾರ್ಯನಿಗೂ ಅದು ಗೊತ್ತಿರಲಿಲ್ಲ. ಕಾಗವಾಡ ತಾಲ್ಲೂಕಿನ ಜುಗುಳದ ಎದುರು ದಂಡೆಯಲ್ಲಿ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದ ಖಿದ್ರಾಪುರವಿದೆ. ಅಲ್ಲಿನ ಕೋಪೇಶ್ವರ ದೇವಾಲಯದಲ್ಲಿ ಯಾದವ ಸಿಂಘಣನ 1213ರ ಸಂಸ್ಕೃತ ಶಾಸನವಿದೆ. ಅದರ ಜೊತೆಗೆ ಕನ್ನಡ ಶಾಸನಗಳೂ ಇವೆ. ಸ್ವರ್ಗಮಂಟಪದ ಮೇಲ್ಛಾವಣಿಯನ್ನು ದುಂಡಗೆ ಆಕಾಶಕ್ಕೆ ತೆರೆದು ಬಿಟ್ಟಿದ್ದಾರೆ. ಶಿಲ್ಪ ನೋಡಲು ಬರುವವರು ಬಹಳ, ಅಕ್ಷರ ನೋಡುವವರು ಕಡಿಮೆ. ನೀವು ಎರಡನ್ನೂ ನೋಡಿ. ಹೊಳೆ ದಾಟುವ ದಾರಿ ಆ ಹೊತ್ತಿಗೆ ಹೇಗಿದೆ ಎಂದು ಊರವರನ್ನು ಕೇಳಿಯೇ ಹೊರಡಿ.

ಒಂದು ದಿನ ಕೊಲ್ಲಾಪುರಕ್ಕೂ ಇರಲಿ. ಲಕ್ಷ್ಮೀಸೇನ ಮಠದ ಹೆಸರು ಆಗಲೇ ಬಂತು. ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದ್ದಾರೆ. ಆ ಸಂಪುಟ ಗ್ರಂಥಾಲಯದಲ್ಲಿ ಸಿಕ್ಕರೆ, ನೀವು ಹೋಗುವ ಊರುಗಳ ಹೆಸರನ್ನು ಮೊದಲೇ ಹುಡುಕಿ ಗುರುತು ಮಾಡಿಕೊಳ್ಳಿ. ಅದಕ್ಕಿಂತ ಹಳೆಯದು ಬೇಕೆಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ ರಟ್ಟರ ಶಾಸನಗಳಿವೆ. ರಾಯಬಾಗವನ್ನು ಶಾಸನಗಳು ಹೂವಿನ ಬಾಗೆ ಎಂದು ಕರೆಯುತ್ತವೆ. ಅಚ್ಚಾದ ಪುಸ್ತಕಗಳಲ್ಲಿ ಹುಡುಕುವಾಗ ಆ ಹೆಸರಿನಲ್ಲೂ ಹುಡುಕಿ.

11. ಭಾಷೆಯ ಜಗಳ ಬಸ್‌ಸ್ಟ್ಯಾಂಡಿನಲ್ಲೇ ಬಿಡಿ

ನಿಪ್ಪಾಣಿಯಲ್ಲಿ ನಿಮ್ಮ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಬರಬಹುದು. ಬೇಸರ ಬೇಡ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡ, ಸೊಸೆ ಮರಾಠಿ ಮಾತನಾಡುವ ಊರುಗಳಿವು. ಕನ್ನಡ ನೆಲದಲ್ಲಿ ಹುಟ್ಟಿದ ಉಪಾಧ್ಯೆಯವರು ಕೊಲ್ಲಾಪುರದಲ್ಲಿದ್ದು, ಪ್ರಾಕೃತ ಸಂಪಾದಿಸಿ, ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆದರು. ಕನ್ನಡಿಗರು ಅವರನ್ನು ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಕೋಥಳಿಯಲ್ಲಿ ಹುಟ್ಟಿದ ಆಚಾರ್ಯ ದೇಶಭೂಷಣರು ರತ್ನಾಕರವರ್ಣಿಯ ಭರತೇಶವೈಭವವನ್ನು ಹಿಂದಿ ಓದುಗರಿಗೆ ಮುಟ್ಟಿಸಿದರು. ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು ದಿಲ್ಲಿಯಲ್ಲಿ ಪ್ರಾಕೃತದ ಅಧ್ಯಯನಕ್ಕೆ ಬೆಂಬಲವಾಗಿ ನಿಂತರು. ಈ ಸೀಮೆಯ ವಿದ್ಯೆ ಎಂದೂ ಒಂದೇ ಭಾಷೆಯದಾಗಿರಲಿಲ್ಲ. ಗಡಿಯಲ್ಲಿ ಕನ್ನಡದ ಕೆಲಸ ಮಾಡುತ್ತ ಬಂದಿರುವ ಚಿಕ್ಕೋಡಿ ತಾಲ್ಲೂಕಿನ ಚಿಂಚಣಿಯ ಅಲ್ಲಮಪ್ರಭು ಸಿದ್ಧಸಂಸ್ಥಾನ ಮಠಕ್ಕೂ ಹೋಗಿ ಬನ್ನಿ.

12. ಅಥಣಿಯಲ್ಲಿ ಕಿವಿ ತೆರೆದಿಡಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ. ಅಥಣಿಯ ಗಚ್ಚಿನಮಠದಲ್ಲಿ ಕೇಳುವುದೇ ಮುಖ್ಯ. 1836ರಿಂದ 1921ರವರೆಗೆ ಬಾಳಿದ ಮುರುಘೇಂದ್ರ ಶಿವಯೋಗಿಗಳ ಮಠ ಇದು. ಹನ್ನೆರಡನೇ ಶತಮಾನದ ವಚನ ಇಲ್ಲಿನ ಭಕ್ತರಿಗೆ ನಿತ್ಯದ ಮಾತು. ವಚನಗಳು ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿದ್ದು ಈಚೆಗೆ. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿ ಬಿಟ್ಟು, ಊರೂರು ತಿರುಗಿ ಓಲೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅಲ್ಲಿಯವರೆಗೆ ವಚನಗಳನ್ನು ಕಾಯ್ದವರು ಮಠಗಳು ಮತ್ತು ಬಾಯಿಪಾಠ ಮಾಡಿಕೊಂಡ ಜನ.

ಅಥಣಿಯಿಂದ ವಿಜಯಪುರಕ್ಕೆ ನೇರ ಬಸ್ಸಿದೆ. ಅಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರವಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಫಾರಸಿ ಶಾಸನಗಳನ್ನು ಒಂದೇ ಸೂರಿನಡಿ ನೋಡಬಹುದು. ಗುಮ್ಮಟದ ಪ್ರತಿಧ್ವನಿ ಕೇಳಿ ಹಾಗೇ ಹೊರಟುಬಿಡುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ.

13. ಮರಳಿ ಬಂದ ಮೇಲೆ ನಿಮ್ಮ ಮನೆಯ ಅಟ್ಟ ಹತ್ತಿ

ಇದು ಈ ಐದು ತಾಲ್ಲೂಕಿನವರಿಗೇ ಹೇಳುವ ಮಾತು. 1728ರಲ್ಲಿ ಕೋಪನ್‌ಹೇಗನ್ ಪಟ್ಟಣಕ್ಕೆ ಬೆಂಕಿ ಬಿದ್ದಾಗ, ಆರ್ನಿ ಮಾಗ್ನುಸನ್ ಎಂಬ ವಿದ್ವಾಂಸ ಜೀವಮಾನವಿಡೀ ಐಸ್‌ಲ್ಯಾಂಡಿನ ಮನೆಮನೆಗಳಿಂದ ಕೂಡಿಸಿ ತಂದಿದ್ದ ಗ್ರಂಥಗಳಲ್ಲಿ ಕೆಲವು ಸುಟ್ಟುಹೋದವು. ಉಳಿದ ಹಸ್ತಪ್ರತಿಗಳಿಗಾಗಿ ಆ ಪುಟ್ಟ ದೇಶ ಡೆನ್ಮಾರ್ಕನ್ನು ಪಟ್ಟು ಬಿಡದೆ ಕೇಳಿತು. 1971ರ ಏಪ್ರಿಲ್ 21ರಂದು ಮೊದಲ ಎರಡು ಗ್ರಂಥಗಳು ಹಡಗಿನಲ್ಲಿ ಮರಳಿದಾಗ ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಜನ ಸೇರಿದ್ದರು.

ನಮಗೆ ಬೆಂಕಿಗಿಂತ ನೀರಿನ ಭಯ ಹೆಚ್ಚು. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣಾ ತೀರದ ಊರೂರಿಗೇ ನೀರು ನುಗ್ಗಿತು. ನೆನೆದ ಓಲೆಗರಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಅಟ್ಟದಲ್ಲಿ, ದೇವರ ಜಗಲಿಯಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ಗಂಟು ಇದ್ದರೆ ಮೊದಲು ಎತ್ತರದ, ಒಣಗಿದ, ಗಾಳಿಯಾಡುವ ಜಾಗಕ್ಕೆ ಸೇರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಹತ್ತಿ ಬಟ್ಟೆ ಸಾಕು. ಬಿಸಿಲಿಗೆ ಹರಡಬೇಡಿ. ಮೊಬೈಲಿನಲ್ಲಿ ಪ್ರತಿ ಗರಿಯ ಎರಡೂ ಬದಿಯ ಫೋಟೊ ತೆಗೆದು, ಗರಿಯ ಸಂಖ್ಯೆಯ ಪ್ರಕಾರ ಜೋಡಿಸಿ, ಮನೆಯ ಇಬ್ಬರು ಮೂವರ ಬಳಿ ಇರಿಸಿ.

ಮಾರಬೇಡಿ. ಎಪ್ಪತ್ತೈದು ವರ್ಷ ದಾಟಿದ, ಸಾಹಿತ್ಯ ಅಥವಾ ಇತಿಹಾಸದ ದೃಷ್ಟಿಯಿಂದ ಮಹತ್ವದ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ದೇಶದ ಹೊರಗೆ ಸಾಗಿಸುವುದು ಅಪರಾಧ. ಗುಜರಿಯವರಿಗೆ, ಹಳೆಯ ಸಾಮಾನು ಕೊಳ್ಳಲು ಬರುವವರಿಗೆ ಕೊಟ್ಟರೆ ಅದು ಎಲ್ಲಿ ಹೋಯಿತೆಂದು ಮತ್ತೆ ತಿಳಿಯುವುದಿಲ್ಲ. ದೇವರೆಂದು ಪೂಜಿಸುವವರು ಪೂಜಿಸುತ್ತಲೇ ಇರಿ. ಅದರ ಒಳಗೇನಿದೆ ಎಂದು ಒಮ್ಮೆ ಬಲ್ಲವರಿಗೆ ತೋರಿಸಿ. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಈಗ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಗಿದೆ. ಅಲ್ಲಿ ವಸ್ತುಸಂಗ್ರಹಾಲಯವೂ ಹಸ್ತಪ್ರತಿಗಳೂ ಇವೆ, ಓಲೆ ಓದಬಲ್ಲವರ ದಾರಿ ತೋರಿಸುವವರೂ ಸಿಗುತ್ತಾರೆ. ಗಂಟನ್ನು ಒಯ್ಯಲು ಮನಸ್ಸಿಲ್ಲದಿದ್ದರೆ ಫೋಟೊ ಒಯ್ಯಿರಿ.

ಇನ್ನು ಈ ಭಾಗದ ಕನ್ನಡ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಈ ವರ್ಷದ ಶಾಲಾ ಪ್ರವಾಸದಲ್ಲಿ ಒಂದು ದಿನವನ್ನು ನಿಮ್ಮದೇ ತಾಲ್ಲೂಕಿಗೆ ಇಡಿ. ಮಕ್ಕಳನ್ನು ಒಂದು ಶಾಸನದ ಮುಂದೆ ಕೂಡಿಸಿ, ಶಕವರ್ಷ ಹುಡುಕಿಸಿ, 78 ಕೂಡಿಸಲು ಹೇಳಿ. ಆಮೇಲೆ, ನಿಮ್ಮ ಮನೆಯಲ್ಲಿ ಓಲೆಗರಿ ಇದೆಯೇ ಎಂದು ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿ.